ಕರೇಬಾವಿಹಾಳದ ಡಂಗುರ

೧೪ ಜನವರಿ ೧೯೮೫, ಕುಷ್ಟಗಿ

ಬಸ್ಸಿನಿಂದ ಇಳಿಯುವಾಗ ಕಂಡಕ್ಟರು ಏನೋ ಕೇಳಿದ. ನಾನು ತಲೆ ಆಡಿಸಿದೆ. ಅರ್ಧ ಇಳಿಸಿದ್ದ ನನ್ನ ಟ್ರಂಕನ್ನು ಅವನು ಮತ್ತೆ ಬಸ್ಸಿನ ಮೇಲಕ್ಕೇ ತಳ್ಳಿದ. ಚಹಾದಂಗಡಿಯ ಮುದುಕನೊಬ್ಬ ಓಡಿಹೋಗಿ ಬಸ್ಸಿನ ಬದಿಗೆ ಬಡಿಯದಿದ್ದರೆ ನನ್ನ ಪುಸ್ತಕ, ಬಟ್ಟೆ, ಮೈಕ್ರೋಸ್ಕೋಪು ಎಲ್ಲ ಈ ಹೊತ್ತಿಗೆ ಇಳಕಲ್ಲಿನಲ್ಲಿರುತ್ತಿದ್ದವು. ಟ್ರಂಕು ಮುಂದೆ ಹೋಗಬೇಕೇ ಎಂದು ಕೇಳಿದ್ದನಂತೆ.

ಕೇಳಿಸದೆ ಇದ್ದದ್ದಕ್ಕೆಲ್ಲ ತಲೆ ಆಡಿಸುವ ಈ ಚಾಳಿ ನನಗೆ ಯಾವಾಗ ಅಂಟಿತೋ ನೆನಪಿಲ್ಲ. ಜನ ಒಪ್ಪಿಗೆಯನ್ನು ಪ್ರಶ್ನಿಸುವುದಿಲ್ಲ, ಅದೇ ಅನುಕೂಲ.

ದಿನಚರಿಯನ್ನು ಕನ್ನಡದಲ್ಲಿ ಬರೆಯಬೇಕೆಂದುಕೊಂಡಿದ್ದೇನೆ. ಓದಿದ್ದು ಬಳ್ಳಾರಿಯ ಕಾನ್ವೆಂಟಿನಲ್ಲಿ. ಇಂಗ್ಲಿಷಿನಲ್ಲಿ ಬರೆದರೆ ಇರುವುದಕ್ಕಿಂತ ಜಾಣೆಯಾಗಿ ಕಾಣುತ್ತೇನೆ, ನನಗೇ.

ಇದ್ದದ್ದು ಇಷ್ಟು. ಗಂಗಾವತಿಯ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದೆ. ಮರಳಿಯ ಕಡೆ ಗದ್ದೆಯ ಹಳ್ಳಿಗಳಲ್ಲಿ ಮಲೇರಿಯಾ ನೋಡಿಕೊಳ್ಳುತ್ತ ಇರುವಾಗ ನನಗೇ ಕ್ಷಯ ಹತ್ತಿತು. ಸ್ಟ್ರೆಪ್ಟೊಮೈಸಿನ್ ಚುಚ್ಚಿಸಿಕೊಂಡೆ. ಜೀವ ಉಳಿಯಿತು, ಕಿವಿ ಹೋಯಿತು. ಕಿವಿಯ ಜೊತೆ ಮೈಯ ತೂಕ ಹಿಡಿಯುವ ಶಕ್ತಿಯೂ ಹೋಯಿತು. ಮೆಟ್ಟಿಲು ಇಳಿಯುವಾಗ ನೆಲ ಓಲಾಡುತ್ತದೆ. ಸ್ಟೆತಾಸ್ಕೋಪು ಕೊರಳಲ್ಲಿ ಹಾಕಿಕೊಂಡು ಕೆಲವು ತಿಂಗಳು ನಾಟಕ ಮಾಡಿದೆ. ಆಮೇಲೆ ಧೈರ್ಯ ಸಾಲಲಿಲ್ಲ. ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಓದಲು ಅರ್ಜಿ ಹಾಕಿದೆ. ಒಬ್ಬರ ಎದೆಗೆ ಕಿವಿಗೊಡಬೇಕಾಗಿಲ್ಲದ ವೈದ್ಯಕೀಯ ಅದೊಂದೇ. ಪಾಸಾದರೆ ಹೆಲ್ತ್ ಆಫೀಸರಾಗಿ ಹಳ್ಳಿಗಳಲ್ಲೇ ಉಳಿಯಬಹುದು.

ಉಳಿದಿರುವುದು ಎರಡು: ಒಂದು ಹಳ್ಳಿಯಲ್ಲಿ ನಾರುಹುಣ್ಣಿನ ಅಧ್ಯಯನ, ಜೂನ್‌ನಲ್ಲಿ ಬಾಯಿಪರೀಕ್ಷೆ. ವಿಶ್ವವಿದ್ಯಾಲಯದವರಿಗೆ ನನ್ನ ಕಿವಿ ಸ್ವಲ್ಪ ಮಂದ ಎಂದಷ್ಟೇ ಗೊತ್ತು. ಪ್ರಶ್ನೆ ಬರೆದು ಕೊಡಿ ಎಂದು ಕೇಳಿದ ದಿನ ಎಷ್ಟು ಮಂದವೆಂದು ಗೊತ್ತಾಗುತ್ತದೆ, ಆಮೇಲೆ ಮೆಡಿಕಲ್ ಬೋರ್ಡು, ಆಮೇಲೆ ಸೇವೆಗೆ ಅಯೋಗ್ಯ. ಈ ಕೆಲಸ ಬಿಟ್ಟರೆ ನಾನು ಯಾರೆಂದು ಹೇಳಲು ನನ್ನಲ್ಲಿ ಇನ್ನೊಂದು ಉತ್ತರವಿಲ್ಲ.

೨೧ ಜನವರಿ

ಅಧ್ಯಯನಕ್ಕೆ ಆರಿಸಿದ ಹಳ್ಳಿ ಕರೇಬಾವಿಹಾಳಕ್ಕೆ ಮೊದಲ ಭೇಟಿ. ಯಲಬುರ್ಗಾ ರಸ್ತೆಯಲ್ಲಿ ಬಸ್ಸಿಳಿದು ಎರೆಹೊಲದ ನಡುವೆ ನಡೆಯಬೇಕು. ಜೊತೆಗೆ ನರ್ಸ್ ಗೌಸಬೀ. ಸುತ್ತಲಿನ ಹಳ್ಳಿಗಳಿಗೆಲ್ಲ ಅವಳೇ ಹೆರಿಗೆ ಮಾಡಿಸುವವಳು. ಅರ್ಧ ದಾರಿಯಲ್ಲಿ ನಿಂತು, ನನ್ನ ಎದುರಿಗೆ ಬಂದು, ಮುಖ ನೋಡಿ ಕೇಳಿದಳು:

"ನಿಮಗ ಕೇಳಸೂದಿಲ್ಲೇನ್ರಿ ಬಾಯಾರ?"

"ಸ್ವಲ್ಪ ಮಂದ."

"ಸ್ವಲ್ಪ!" ಎಂದು ನಕ್ಕಳು. "ಆಗಿಂದ ನಿಮ್ಮ ಹಿಂದ ಬರಕೋತ ನಮ್ಮತ್ತಿ ಸುದ್ದಿ ಹೇಳಾಕ ಹತ್ತೀನಿ. ಆಕಿ ಸತ್ತಳು ಅಂದಾಗೂ ನೀವು ತಲಿ ಅಲ್ಲಾಡಿಸಿದ್ರಿ."

"ಸತ್ತರೇ?"

"ಎಲ್ಲಿದ್ರಿ, ಗಟ್ಟಿ ಅದಾಳ. ನಿಮ್ಮನ್ನ ನೋಡಾಕಂದೆ. ಹಿಂಗ ಎಲ್ಲಾದಕ್ಕೂ ಹೂಂ ಅಂದ್ರ ಒಂದಿನ ನಿಮ್ಮ ಹೊಲಾ ಬರಸ್ಕೊಂತಾರ."

ನನಗೆ ನಗು ಬರಲಿಲ್ಲ. ಯಾರಿಗೂ ಹೇಳಬೇಡ ಎಂದೆ. ಅವಳ ತುಟಿಗಳು ಮಾತ್ರ ಬಹಳ ಸ್ಪಷ್ಟ, ಒಂದು ಅಕ್ಷರವೂ ತಪ್ಪುವುದಿಲ್ಲ.

ಉಳಿದವರದ್ದು ಕಷ್ಟ. ಹೆಂಗಸರು ನನ್ನನ್ನು ಕಂಡ ಕೂಡಲೇ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಾರೆ. ಅದು ಮರ್ಯಾದೆಯಂತೆ. ಪಂಚಾಯ್ತಿ ಚೇರ್ಮನ್ ಪಕೀರಪ್ಪನವರ ಮೀಸೆ ಮೇಲಿನ ತುಟಿಯನ್ನು ಪೂರಾ ಮುಚ್ಚಿದೆ, ಕೆಳಗಿನ ತುಟಿಯ ಒಳಗೆ ತಂಬಾಕು. ಮನುಷ್ಯ ಒಳ್ಳೆಯವರು. ತುಂಬ ಮಾತಾಡಿದರು. ನನಗೆ ಸಿಕ್ಕಿದ್ದು 'ಸರಕಾರ' ಎಂಬ ಒಂದು ಮಾತು.

ಊರಿಗೆಲ್ಲ ಕುಡಿಯುವ ನೀರು ಒಂದೇ ಮೆಟ್ಟಿಲಬಾವಿಯದು. ಹೆಂಗಸರು ಮೊಣಕಾಲ ಮಟ್ಟ ನೀರಿಗಿಳಿದು ಕೊಡ ತುಂಬುತ್ತಾರೆ. ಯಾರ ಕಾಲಿನಿಂದಲಾದರೂ ನಾರು, ಆ ನೂಲಿನಂಥ ಹುಳು, ಹೊರಗೆ ಬರುತ್ತಿದ್ದರೆ, ಆ ಕಾಲು ನೀರು ಮುಟ್ಟಿದ ಕ್ಷಣ ಮರಿಗಳು ನೀರಿಗೆ ಸೇರುತ್ತವೆ. ಆ ನೀರು ಕುಡಿದವರಿಗೆ ಮುಂದಿನ ವರ್ಷ ಇದೇ ಹೊತ್ತಿಗೆ ಹುಣ್ಣು. ಪಾಠ ಸರಳ. ಪುಸ್ತಕದಲ್ಲಿ ಬಾವಿಯ ಚಿತ್ರ ಕೂಡ ಹೀಗೇ ಇದೆ.

ಬಾವಿಯ ಬಳಿ ಒಬ್ಬಳು ನನ್ನನ್ನೇ ನೋಡುತ್ತ ನಿಂತಿದ್ದಳು. ಕೈಯಿಂದ ಏನೇನೋ ಸನ್ನೆ ಮಾಡಿದಳು. ಮೂಗಿ, ಹುಟ್ಟಾ ಕಿವುಡಿ, ಮಾರೆವ್ವ ಅಂತ ಹೆಸರು. ಅಣ್ಣನ ಮನೆಯಲ್ಲಿದ್ದಾಳೆ. ಓಣಿಯ ಮನೆಗಳಿಗೆ ನೀರು ಹೊತ್ತು ಹಾಕುತ್ತಾಳೆ, ಅವರು ರೊಟ್ಟಿ ಕೊಡುತ್ತಾರೆ. ಅವಳ ಅತ್ತಿಗೆ ಹಂಪವ್ವ ನನ್ನ ಕಿವಿಯ ಯಂತ್ರ, ಎದೆಯ ಮೇಲಿನ ಅದರ ಡಬ್ಬಿ ನೋಡಿ ಏನೋ ಅಂದಳು. ಹೆಂಗಸರೆಲ್ಲ ನಕ್ಕರು. ಏನೆಂದು ಗೌಸಬೀಯನ್ನು ಕೇಳಿದೆ. ಅವಳು ಬೇಡವೆಂಬಂತೆ ಕೈ ಆಡಿಸಿದಳು. ಒತ್ತಾಯ ಮಾಡಿದ ಮೇಲೆ ಹೇಳಿದಳು: "'ನಮ್ಮ ಮೂಗಿಗೆ ಜೋಡಿ ಸಿಕ್ಕಿತು' ಅಂದ್ಲ್ರಿ."

ಹೋಲಿಕೆ ಎಲ್ಲಿಂದ ಬಂತು? ಆ ಮೂಗಿಗೆ ಭಾಷೆಯೇ ಇಲ್ಲ.

೨ ಫೆಬ್ರವರಿ

ಹೊರಗೆ ಹೋಗಲಿಲ್ಲ. ಓದಿದೆ. 'ಅಕ್ಷರ ಬಾರದ ಗ್ರಾಮಗಳಲ್ಲಿ ಸಂದೇಶ ತಲುಪಿಸಲು ಡಂಗುರವೇ ಅತ್ಯುತ್ತಮ. ಒಂದು ಸಂಜೆಯಲ್ಲಿ ಇಡೀ ಊರನ್ನು ಮುಟ್ಟುತ್ತದೆ.' ಪರೀಕ್ಷೆಗೆ ಬರುವಂಥ ಸಾಲು. ಕೆಳಗೆ ಗೆರೆ ಎಳೆದೆ.

೧೯ ಫೆಬ್ರವರಿ

ಗೌಸಬೀ ಸಂತೆಯಲ್ಲಿ ಒಂದು ಪಾಟಿ, ಬಳಪ ಕೊಂಡಿದ್ದಾಳೆ. ಜನರ ಮಾತನ್ನು ಚುಟುಕಾಗಿ ಬರೆದು ತೋರಿಸುತ್ತಾಳೆ. ಬೇಡವೆಂದು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದೆ. ಈಗ ಅದಿಲ್ಲದೆ ಆಗುವುದಿಲ್ಲ.

ಕಿವಿಯ ಯಂತ್ರವನ್ನು ಊರವರು ರೇಡಿಯೋ ಅಂದುಕೊಂಡಿದ್ದಾರೆ. ತಳವಾರ ಬಾಲಪ್ಪ ದಿನಾ ಕೇಳುತ್ತಾನಂತೆ, ಪಾಟಿಯ ಮೇಲೆ ಬಂತು: 'ಸ್ಕೋರ್ ಎಷ್ಟಾತ್ರಿ?' ಅದರಲ್ಲಿ ನನಗೆ ಕೇಳುವುದು ಕಲ್ಲು ಅರೆದಂಥ ಒಂದು ಗರಗರ ಮಾತ್ರ. ಆದರೂ ಹಾಕಿಕೊಳ್ಳುತ್ತೇನೆ. ಪ್ರಯತ್ನಪಡುತ್ತಿದ್ದೇನೆ ಎಂದು ಎದುರಿನವರಿಗೆ ಕಾಣಲಿ ಎಂದೋ ಏನೋ.

ನೀರಿನ ಮಾದರಿ ತೆಗೆಯಲು ಬಾವಿಗೆ ಇಳಿಯಬೇಕಿತ್ತು. ಕೈಹಿಡಿಕೆ ಇಲ್ಲದ ಮೆಟ್ಟಿಲು, ಪಾಚಿ. ಎರಡು ಮೆಟ್ಟಿಲಿಗೆ ತಲೆ ಸುತ್ತಿ ಅಲ್ಲೇ ಕುಳಿತುಬಿಟ್ಟೆ. ಆ ಮೂಗಿ ಕೊಡ ಕೆಳಗಿಟ್ಟು ಬಂದು ಕೈ ಹಿಡಿದಳು. ನನ್ನನ್ನು ಗೋಡೆಯ ಕಡೆ ಹಾಕಿ, ತಾನು ನೀರಿನ ಕಡೆ ನಿಂತು ಇಳಿಸಿದಳು. ಕೆಳಗೆ ನಿಂತು ಸನ್ನೆ ಮಾಡಿದಳು: ಕಿವಿಯಿಂದ ಎದೆಯವರೆಗೆ ಒಂದು ದಾರ ಎಳೆದಂತೆ ಬೆರಳು. ಅದು ನನ್ನ ಹೆಸರಂತೆ. ಯಂತ್ರದ ವಯರು.

ಕೈ ಬಹಳ ಒರಟು. ಬಿಡಿಸಿಕೊಳ್ಳಬೇಕೆನಿಸಿತು. ಬಿದ್ದೇನೆಂದು ಬಿಡಲಿಲ್ಲ.

೧೨ ಮಾರ್ಚ್

ನಾರು ಶುರುವಾಗಿದೆ. ಕೆಲವರ ಪಾದದಲ್ಲಿ, ಒಬ್ಬ ಮುದುಕನ ಬೆನ್ನಿನಲ್ಲಿ. ಮೊದಲು ಬೆಂಕಿ ಸುಟ್ಟಂಥ ಗುಳ್ಳೆ, ಅದು ಒಡೆದರೆ ಬಿಳಿ ನೂಲಿನ ತುದಿ. ಎಳೆಯಬಾರದು. ಸಣ್ಣ ಕಡ್ಡಿಗೆ ದಿನಕ್ಕೆ ಇಷ್ಟಿಷ್ಟೇ ಸುತ್ತಿ ವಾರಗಟ್ಟಲೆ ಕಾಯಬೇಕು. ಒಳಗೆ ತುಂಡಾಯಿತೋ, ಕಾಲೇ ಕೀವಾಗುತ್ತದೆ.

ಮನೆಮನೆಗೆ ಎರಡು ಮಡಿಕೆಯ ಬಟ್ಟೆ ಹಂಚಿದೆವು, ನೀರು ಸೋಸಲು. ಒಂದು ಮುದುಕಿ ಬಟ್ಟೆ ಮುಟ್ಟಿ ನೋಡಿ ಅಂದಳಂತೆ, "ಇದರಾಗ ಒಂದ ಕುಬಸಾ ಆಗತೈತಲ್ಲವ್ವಾ. ನೀರಿಗ್ಯಾಕ ಉಡಸ್ತೀರಿ?" ಗೌಸಬೀ ನಗುತ್ತ ಬರೆದಳು. ನಾನೂ ನಕ್ಕೆ. ಬಹಳ ದಿನಕ್ಕೆ.

ಸೋಸುವುದಷ್ಟೇ ಸಾಲದು. ನಾರು ಇರುವವರು ಬಾವಿಗೆ ಇಳಿಯಬಾರದು. ಅದೇ ಈ ಅಧ್ಯಯನದ ಜೀವ.

೨೮ ಮಾರ್ಚ್

ಮನೆಮನೆ ತಿರುಗಿ ಯಾರಿಗೆ ನಾರು ಇದೆಯೆಂದು ಬರೆದುಕೊಂಡೆವು. ಹಂಪವ್ವನ ಮನೆಯಲ್ಲಿ ಯಾರಿಗೂ ಇಲ್ಲ ಎಂದಳು. ಮಾರೆವ್ವ ನೀರಿಗೆ ಹೋಗಿದ್ದಳು. "ಆಕೀಗೂ ಇಲ್ರಿ, ಗುಂಡಕಲ್ಲ ಇದ್ದಂಗ ಅದಾಳ" ಎಂದು ಹಂಪವ್ವನೇ ಅವಳ ಪರವಾಗಿ ಹೇಳಿದಳು. ಗೌಸಬೀಗೆ ಬಿಸಿಲಿನಿಂದ ತಲೆನೋವು. ಮುಂದಿನ ಮನೆಗೆ ಹೋದೆವು.

೧೬ ಏಪ್ರಿಲ್

ಗೌಸಬೀ ಇಲ್ಲ. ಯಲಬುರ್ಗಾದಲ್ಲಿ ಕುಟುಂಬ ಯೋಜನೆಯ ಕ್ಯಾಂಪು, ಸುತ್ತಲಿನ ನರ್ಸುಗಳನ್ನೆಲ್ಲ ಕರೆಸಿದ್ದಾರೆ. ತಾನು ಬರುವವರೆಗೆ ಹಳ್ಳಿಗೆ ಹೋಗಬೇಡಿರೆಂದು ನಿನ್ನೆ ಬರೆದು ತೋರಿಸಿದ್ದಳು. ಅವಳಿಲ್ಲದೆ ಒಂದು ದಿನ ಕೆಲಸ ಮಾಡಲಾಗದಿದ್ದರೆ ನಾನು ಎಂಥ ಹೆಲ್ತ್ ಆಫೀಸರು? ಒಬ್ಬಳೇ ಹೋದೆ.

ಚೇರ್ಮನ್ ಪಕೀರಪ್ಪನವರನ್ನು ಕಂಡು ಡಂಗುರದ ವಿಷಯ ಹೇಳಿದೆ. ನಾರು ಇರುವವರು ಬಾವಿಗೆ ಇಳಿಯಬಾರದು, ಅವರ ನೀರನ್ನು ಅಕ್ಕಪಕ್ಕದವರು ತಂದುಕೊಡಬೇಕು, ಮುಂದಿನ ಸಂತೆಯ ಹಿಂದಿನ ದಿನ ಸಾರಿಸಿ, ನಾನೂ ಇರುತ್ತೇನೆ ಎಂದೆ. ಅವರು ಬಹಳ ಹುರುಪಿನಿಂದ ಏನೇನೋ ಹೇಳಿದರು. ನಡುನಡುವೆ ನನ್ನ ಕಡೆ ನೋಡಿ ಹುಬ್ಬು ಏರಿಸಿದರು. ಒಪ್ಪಿಗೆ ಕೇಳುವಂತಿತ್ತು. ತಲೆ ಆಡಿಸಿದೆ. ಖುಷಿಯಾಗಿ ಎದ್ದು ಹೋದರು. ಗೌಸಬೀಗೆ ಹೇಳಬೇಕು, ಪಾಟಿ ಇಲ್ಲದೆಯೂ ಆಗುತ್ತದೆ.

ಇಳಿಹೊತ್ತಿನಲ್ಲಿ ಬೇವಿನ ಗಿಡದ ಕೆಳಗೆ ಕುಳಿತು ಬರೆದುಕೊಳ್ಳುತ್ತಿದ್ದಾಗ ಹಲಗೆ ಬಾರಿಸುವವನೊಬ್ಬ ಓಣಿಯಲ್ಲಿ ಬಂದ. ಹಿಂದೆ ಬಾಲಪ್ಪ, ಹಿಂದೆ ಮಕ್ಕಳು. ಕಡ್ಡಿ ಏಳುವುದು, ಬೀಳುವುದು ಕಂಡೆ. ಬಾಲಪ್ಪ ಬಾಯಿ ತೆರೆದು ಕೂಗುತ್ತಿದ್ದ, ಹಾಡುತ್ತಿದ್ದನೋ ಏನೋ. ಮದುವೆಯ ಕಾಲ. ಯಾರದೋ ಮನೆಯಲ್ಲಿ ಹಂದರ ಎದ್ದಿರಬೇಕು. ಬಾಲಪ್ಪ ನನ್ನ ಮುಂದೆ ನಿಂತು ಕೈ ಮುಗಿದ. ನಾನು ನಕ್ಕು ಕೈ ಮುಗಿದೆ. ಆಚೆ ಬದಿ ಮಾರೆವ್ವ ಕೊಡ ಹೊತ್ತು ನಿಂತು ನೋಡುತ್ತಿದ್ದಳು. ನನ್ನನ್ನು ಕಂಡು ಹಲ್ಲೆಲ್ಲ ಕಾಣುವಂತೆ ನಕ್ಕಳು. ಹೋಗುವಾಗ ಸ್ವಲ್ಪ ಕುಂಟುತ್ತಿದ್ದಳು. ನೆಲ ಕಾದಿತ್ತು.

ಸಮಾಧಾನದ ದಿನ.

೨೨ ಏಪ್ರಿಲ್

ಬರೆಯಲು ಕುಳಿತು ಬಹಳ ಹೊತ್ತಾಯಿತು.

ಬೆಳಿಗ್ಗೆ ಗೌಸಬೀಯ ಜೊತೆ ಹೋದೆ. ಊರ ಬಾಗಿಲಿಗೆ ಬರುವಷ್ಟರಲ್ಲೇ ಹಂಪವ್ವ ಓಡಿಬಂದು ಗೌಸಬೀಯ ತೋಳು ಹಿಡಿದಳು. ಸೆರಗು ಬಾಯಿಗೆ ಇರಲಿಲ್ಲ. ಅವಳ ಮನೆಯ ಒಳಗೆ ಮಾರೆವ್ವ ಗೋಣಿತಟ್ಟಿನ ಮೇಲೆ ಮಲಗಿದ್ದಳು. ಬಲ ಮೊಣಕಾಲು ಕುಂಬಳಕಾಯಿಯಷ್ಟು ಬಾತಿತ್ತು. ಮುಟ್ಟಿದರೆ ಬೆಂಕಿ. ಮೊಣಕಾಲ ಕೆಳಗೆ ಹರಿದ ಗುಳ್ಳೆ, ನೂಲಿನ ತುದಿ ಇಲ್ಲ. ಒಳಗೆ ತುಂಡಾಗಿದೆ.

ಅವಳು ನನ್ನನ್ನು ನೋಡಿದಳು. ಕಿವಿಯಿಂದ ಎದೆಗೆ ದಾರ ಎಳೆದಳು. ಆಮೇಲೆ ಸೊಂಟದ ಮೇಲೆ ಕೈ ಬಾಗಿಸಿ, ಎರಡೂ ಕೈ ಬಿಚ್ಚಿ ತೋರಿಸಿದಳು. ಕೊಡ ಇಲ್ಲ.

ನಡೆದದ್ದನ್ನು ಚೇರ್ಮನ್ನರ ಮನೆಯ ಕಟ್ಟೆಯ ಮೇಲೆ ಕೇಳಿದೆ. ಅವರು ಹೇಳಿದ್ದನ್ನು ಗೌಸಬೀ ನನ್ನ ಮುಖಕ್ಕೆ ಮುಖ ಕೊಟ್ಟು ಹೇಳಿದಳು.

"ಡಂಗರ ಹೊಡಿಸಿದ ಮ್ಯಾಲ ಕೇಳಲಿಲ್ಲ ಅನ್ನೂದು ನಮ್ಮೂರಾಗ ನಡಿಯೂದಿಲ್ರಿ. ಹಿಂದಿಂದ ಬಂದದ್ದು. ಮರುದಿನ ಮುಂಜಾನೆ ಆಕಿ ಕಾಲಾಗ ನಾರ ಇಟ್ಕೊಂಡು ನೀರಿಗಿಳದಾಳ. ಹೆಂಗಸರು ಒದರ್ಯಾರ, ಆಕಿ ತಿರುಗಿ ನೋಡಿಲ್ಲ. ಬಾಲಪ್ಪ ಹೋಗಿ ಕೊಡಾ ಒಡದು, ರಟ್ಟಿ ಹಿಡದು ಜಗ್ಗ್ಯಾನ. ಮೆಟ್ಟಲಕ್ಕ ಕಾಲ ತಿಕ್ಕಿ ನಾರ ಹರದೈತಿ. ಬೇಕಂತ ಯಾರೂ ಮಾಡಿಲ್ರಿ."

"ಅವಳಿಗೆ ಕಿವಿ ಇಲ್ಲವೆಂದು ಊರಿಗೆಲ್ಲ ಗೊತ್ತಲ್ಲ" ಎಂದೆ.

"ಗೊತ್ತೈತ್ರಿ. ಮನ್ಯಾಗ ಮಂದಿ ಅದಾರ, ಹೇಳಿರತಾರ ಅಂತ ತಿಳದ್ವಿ."

ಹಂಪವ್ವ: "ನಾ ಹೊಲದಾಗಿದ್ನೆವ್ವಾ. ಬಾವ್ಯಾಗ ಹೆಂಗಸರು ಹೇಳಿರತಾರ ಅಂತ ನಾ ತಿಳದೆ. ಕಾಲಾಗ ನಾರ ಐತಿ ಅಂತ ನನಗಾರ ಎಲ್ಲಿ ಗೊತ್ತು, ಸೀರಿ ಒಳಗ ಅರಬಿ ಸುತ್ತಿಕೊಂಡಿದ್ಲು. ರೊಟ್ಟಿ ಹೋಕ್ಕಾವ ಅಂತ ಹೇಳಿಲ್ಲಾಕಿ."

"ಸಂತೆಯ ಹಿಂದಿನ ದಿನ ಸಾರಿಸಬೇಕೆಂದು ಹೇಳಿದ್ದೆ. ನಾನೂ ಇರುತ್ತೇನೆ ಎಂದಿದ್ದೆ" ಎಂದೆ. ನನ್ನ ಧ್ವನಿ ಎಷ್ಟು ಗಟ್ಟಿಯಾಗಿತ್ತೋ ತಿಳಿಯದು. ಒಳಗಿನಿಂದ ಹೆಂಗಸರು ಇಣುಕಿದರು.

ಚೇರ್ಮನ್ನರು ಗೌಸಬೀಯ ಕಡೆ ನೋಡಿ ಮೆಲ್ಲಗೆ ಏನೋ ಹೇಳಿದರು.

"ಏನಂದರು?"

"ಬಿಡ್ರಿ ಬಾಯಾರ."

"ಹೇಳು."

ಅವಳು ಬಾಯಿಂದ ಹೇಳಲಿಲ್ಲ. ಪಾಟಿಯ ಮೇಲೆ ಬರೆದಳು. 'ಸಂತಿತನಕ ಯಾಕ, ಇವತ್ತ ಸಾರಸಲೇನು ಅಂತ ಕೇಳಿದ್ನಿ, ಹೂಂ ಅಂದ್ರಿ. ಮಾತು ಮೀರಿ ಇಳದವರ ಕೊಡಾ ಒಡದು ಬಾವಿ ಬಿಡಿಸಬೇಕೇನು ಅಂತ ಕೇಳಿದ್ನಿ. ಅದಕ್ಕೂ ಹೂಂ ಅಂದ್ರಿ. ಹಲಗಿ ನಿಮ್ಮ ಮುಂದ ಹಾದು ಹೋತು. ನೀವ ನಕ್ಕು ಕೈ ಮುಗದ್ರಿ.'

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಮಾತು ತಪ್ಪಿಸುತ್ತಿದ್ದೇನೆ ಎಂಬ ಬೇಸರ ಇತ್ತು.

ತಲೆ ಆಡಿಸದೆ ಪಾಟಿಯನ್ನು ಪೂರಾ ಓದಿದೆ. ಆಮೇಲೆ "ನನಗೆ ಕಿವಿ ಕೇಳುವುದಿಲ್ಲ. ಏನೂ ಕೇಳುವುದಿಲ್ಲ. ಅಂದು ನೀವು ಹೇಳಿದ ಒಂದು ಮಾತೂ ನನಗೆ ತಿಳಿದಿರಲಿಲ್ಲ" ಎಂದೆ.

ಚೇರ್ಮನ್ನರು ಎದ್ದು, ಎತ್ತಿನ ಗಾಡಿ ಹೂಡಲು ಹೇಳಿದರು.

೨೪ ಏಪ್ರಿಲ್, ಕೊಪ್ಪಳ

ಆಸ್ಪತ್ರೆ. ಕೊಯ್ದು ಕೀವು ತೆಗೆದರು. ಜ್ವರ ಇಳಿದಿಲ್ಲ. ಹಂಪವ್ವ ಕೂಡ ಬಂದಿದ್ದಾಳೆ. ಗೋಡೆಗೆ ಒರಗಿ ಕುಳಿತೇ ಇರುತ್ತಾಳೆ.

೩೦ ಏಪ್ರಿಲ್, ಕೊಪ್ಪಳ

ಡಂಗುರದ ಉಪಾಯ ನನ್ನದು. ಓದಿ, ಗೆರೆ ಎಳೆದು, ಪರೀಕ್ಷೆಗಾಗಿ ಇಟ್ಟುಕೊಂಡದ್ದು. ಇಡೀ ಊರನ್ನು ಮುಟ್ಟುತ್ತದೆ ಎಂದು ಓದಿದಾಗ ನನ್ನನ್ನು ಮುಟ್ಟುತ್ತದೆಯೇ ಎಂದು ಕೇಳಿಕೊಳ್ಳಬೇಕೆಂದು ತೋಚಲಿಲ್ಲ. ಅಷ್ಟು ಚೆನ್ನಾಗಿ ಬಚ್ಚಿಟ್ಟಿದ್ದೆನೇ, ನನ್ನಿಂದಲೂ?

೯ ಮೇ, ಕೊಪ್ಪಳ

ಜ್ವರ ಬಿಟ್ಟಿದೆ. ಮೊಣಕಾಲು ಮಾತ್ರ ಮಡಚುವುದಿಲ್ಲ. ಇನ್ನು ಮಡಚಲಾರದು ಎಂದು ಸರ್ಜನ್ನರು ಚೀಟಿಯಲ್ಲಿ ಬರೆದುಕೊಟ್ಟರು. ಬರೆದುಕೊಡಿ ಎಂದಿದ್ದಕ್ಕೆ ಅವರೇನೂ ಅಂದುಕೊಂಡಂತೆ ಕಾಣಲಿಲ್ಲ. ಮೆಟ್ಟಿಲಬಾವಿಗೆ ಇಳಿಯುವುದು ಮುಗಿಯಿತು.

ಮಾರೆವ್ವ ಸುಮ್ಮನಿರುವವಳಲ್ಲ. ಆಸ್ಪತ್ರೆಯ ಗಂಜಿ ದನಕ್ಕೆ ಹಾಕುವಂಥದ್ದು ಎಂದಳು. ಪಕ್ಕದ ಮಂಚದ ಹೆಂಗಸು ಗಂಡ ಬಂದಾಗ ನರಳುತ್ತಾಳೆ, ಹೋದ ಮೇಲೆ ಎದ್ದು ಕುಳಿತು ಎಲೆ ಹಾಕಿಕೊಳ್ಳುತ್ತಾಳೆ ಎಂದು ಹೇಳಿ ನಗಿಸಿದಳು. ನನಗೆ ಮದುವೆ ಯಾಕಾಗಲಿಲ್ಲ ಎಂದು ಕೇಳಿದಳು. ನಾನು ಹೇಳಿದೆ. ಅವಳು ತನ್ನದು ಹೇಳಿದಳು. ಹೆಣ್ಣು ನೋಡಲು ಬಂದವರು ಎತ್ತಿನ ಜೋಡಿ ಕೇಳಿದರಂತೆ, ಅಣ್ಣ ಎತ್ತನ್ನೇ ಇಟ್ಟುಕೊಂಡ. ಹಾಗೆ ಸಂಜೆಯಾಯಿತು. ಹಂಪವ್ವ ಮೂಲೆಯಿಂದ ನಮ್ಮಿಬ್ಬರ ಕೈಗಳನ್ನೇ ನೋಡುತ್ತಿದ್ದಳು. ಗೌಸಬೀ ಬಂದು ನಿಂತದ್ದು ಗೊತ್ತೇ ಆಗಲಿಲ್ಲ.

"ಪಾಟಿ ನಾ ಮನಿಗೆ ಒಯ್ಯಲೇನ್ರಿ?" ಎಂದಳು. ಯಾಕೆ ಹಾಗೆ ಕೇಳಿದಳೋ. ಬೇಕಾಗುತ್ತದೆ, ಇಲ್ಲೇ ಇರಲಿ ಎಂದೆ.

ಯಂತ್ರದ ಬ್ಯಾಟರಿ ಮುಗಿದಿದೆ. ತರಬೇಕು.

೩೦ ಮೇ, ಕುಷ್ಟಗಿ

ಬ್ಯಾಟರಿ ತಂದಿಲ್ಲ.

ವಿಶ್ವವಿದ್ಯಾಲಯದಿಂದ ನನ್ನ ಪ್ರೊಫೆಸರು ತಪಾಸಣೆಗೆ ಬಂದಿದ್ದರು. ನನ್ನ ವರದಿ ಓದಿದರು. ಸೋಸುವ ಬಟ್ಟೆಯ ಅಧ್ಯಾಯ ಬಹಳ ಚೆನ್ನಾಗಿದೆ, ಡಂಗುರದ ಅಧ್ಯಾಯದಲ್ಲಿ ಆ ಹೆಂಗಸಿನ ವಿಷಯ ಬೇಡ ಎಂದರು. "ಒಂದೇ ಕೇಸು. ಅದರಿಂದ ಏನೂ ಸಿದ್ಧವಾಗುವುದಿಲ್ಲ. ಎಕ್ಸ್‌ಟರ್ನಲ್ ಪರೀಕ್ಷಕರ ಎದುರಿಗೆ ಇದನ್ನೆಲ್ಲ ಬಿಚ್ಚಿದರೆ ನಿಮಗೇ ಪ್ರಶ್ನೆಗಳು ಬರುತ್ತವೆ." ಒಳ್ಳೆಯದಕ್ಕೇ ಹೇಳಿದರು. ನನ್ನ ಬಗ್ಗೆ ಅವರಿಗೆ ಕನಿಕರವಿದೆ. ಒಪ್ಪಿಗೆಗಾಗಿ ಕಾದರು.

ನಾನು ಯೋಚಿಸುತ್ತೇನೆ ಎಂದೆ.

ಈಗಲೂ ಯೋಚಿಸುತ್ತಿದ್ದೇನೆ. ಬರೆದರೆ ನನ್ನ ಕೆಲಸ ಹೋಗುತ್ತದೆ, ಅವಳ ಕಾಲು ಬರುವುದಿಲ್ಲ. ಬರೆಯದಿದ್ದರೆ ಮುಂದಿನ ವರ್ಷ ಇನ್ನಾರೋ ಆ ಪುಸ್ತಕದ ಅದೇ ಸಾಲಿಗೆ ಗೆರೆ ಎಳೆಯುತ್ತಾರೆ. ಬರೆಯಬೇಕೆನಿಸುವುದು ಅವರಿಗಾಗಿಯೋ, ನನ್ನ ಮನಸ್ಸಿನ ಭಾರ ಇಳಿಸಿಕೊಳ್ಳಲೋ? ಎರಡನೆಯದಾದರೆ ಅದಕ್ಕೆ ಮಾರೆವ್ವನ ಕಾಲನ್ನು ಬಳಸಿಕೊಂಡಂತಾಗುವುದಿಲ್ಲವೇ? ಆ ಪುಟಗಳನ್ನು ಮಾತ್ರ ತೆಗೆದಿಲ್ಲ.

೧೮ ಜೂನ್

ಬಾಯಿಪರೀಕ್ಷೆ ಆಯಿತು.

ಮೂವರು ಕುಳಿತಿದ್ದರು. ಹೊರಗಿನಿಂದ ಬಂದವರು ವಯಸ್ಸಾದವರು. ನನ್ನ ವರದಿಯನ್ನು ಮುಖದ ಮುಂದೆ ಹಿಡಿದು, ಅದರ ಹಿಂದಿನಿಂದ ಪ್ರಶ್ನೆ ಕೇಳಿದರು. ನನಗೆ ಕಂಡದ್ದು ರಟ್ಟು, ಮೇಲೆ ಕನ್ನಡಕ. ಪ್ರೊಫೆಸರು ಅವರ ಪಕ್ಕದಿಂದ ನನಗೆ ತಲೆ ಆಡಿಸಿ ತೋರಿಸುತ್ತಿದ್ದರು, ಹೂಂ ಅನ್ನಿ ಎಂದು. ಅಂದಿದ್ದರೆ ಬಹುಶಃ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು.

"ನನಗೆ ಕೇಳುವುದಿಲ್ಲ. ಬರೆದು ಕೊಡಿ" ಎಂದು ಪಾಟಿಯನ್ನು ಮೇಜಿನ ಮೇಲಿಟ್ಟೆ.

ಅವರು ಪಾಟಿ ನೋಡಿದರು. ಮಕ್ಕಳ ಪಾಟಿ, ಕಟ್ಟಿನ ಮೇಲೆ ಹಳದಿ ಬಣ್ಣ. ಬಳಪ ಹಿಡಿದು ಬಹಳ ದಿನವಾಗಿತ್ತೇನೋ, ಎರಡು ಸಲ ಜಾರಿತು. 'ಅಕ್ಷರ ಬಾರದ ಊರಿನಲ್ಲಿ ಸಂದೇಶ ತಲುಪಿಸಲು ಯಾವ ವಿಧಾನ ಅನುಸರಿಸಿದಿರಿ?'

"ಡಂಗುರ. ಅದು ಮುಟ್ಟಲೇಬೇಕಾದವಳನ್ನು ಮುಟ್ಟಲಿಲ್ಲ. ಸಾರಿಸಿದವಳನ್ನೂ ಮುಟ್ಟಲಿಲ್ಲ."

ಅದಾದ ಮೇಲೆ ಬಹಳ ಕೇಳಿದರು, ಎಲ್ಲವನ್ನೂ ಬರೆದು. ಅಳಿಸಲು ತಮ್ಮದೇ ಕರವಸ್ತ್ರ ಬಳಸಿದರು. ಏಳುವಾಗ ಅವರ ಪಂಚೆಯ ಮೇಲೆಲ್ಲ ಬಳಪದ ಪುಡಿ.

ಹೊರಗೆ ಬಂದು ಮೆಟ್ಟಿಲು ಇಳಿದೆ. ನೆಲ ಓಲಾಡಿತು. ಗೋಡೆಯ ಕಡೆ ನಡೆದೆ.

೨ ಜುಲೈ

ಪಾಸು. ಜೊತೆಗೇ ಮೆಡಿಕಲ್ ಬೋರ್ಡಿಗೆ ಹಾಜರಾಗಲು ಆದೇಶ.

೨೯ ಜುಲೈ

ಬೋರ್ಡಿನ ತೀರ್ಮಾನ: ಜನರ ನಡುವಿನ ಕೆಲಸಕ್ಕೆ ಯೋಗ್ಯರಲ್ಲ. ಸೇವೆಯಿಂದ ತೆಗೆದಿಲ್ಲ. ಬೆಂಗಳೂರಿನಲ್ಲಿ ಅಂಕಿಸಂಖ್ಯೆ ವಿಭಾಗ. ಅಲ್ಲಿ ಯಾರೂ ಯಾರೊಂದಿಗೂ ಮಾತಾಡಬೇಕಾಗಿಲ್ಲ ಎಂದು ಗುಮಾಸ್ತರು ಸಮಾಧಾನ ಹೇಳಿದರು.

೪ ಆಗಸ್ಟ್, ಕುಷ್ಟಗಿ

ನಾಳೆ ಹೊರಡಬೇಕು. ಇಂದು ಕರೇಬಾವಿಹಾಳಕ್ಕೆ ಹೋಗಿದ್ದೆ. ಮಳೆಯಾಗಿ ಬಾವಿ ತುಂಬಿದೆ, ಮೇಲಿನ ಮೆಟ್ಟಿಲಿನಿಂದಲೇ ಕೊಡ ಮುಳುಗುತ್ತದೆ. ಈ ವರ್ಷದ ನಾರು ಮುಗಿಯಿತು. ಏಪ್ರಿಲ್‌ನಲ್ಲಿ ಆ ನೀರು ಕುಡಿದವರದ್ದು ಮುಂದಿನ ಏಪ್ರಿಲ್‌ಗೆ ಗೊತ್ತಾಗುತ್ತದೆ. ಗೌಸಬೀ ನೋಡಿಕೊಳ್ಳುತ್ತಾಳೆ.

ಮಾರೆವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಹಂಪವ್ವ ನೀರಿಗೆ ಹೊರಟಿದ್ದವಳು ನಿಂತು, ಸೆರಗು ಸರಿಸಿ, ನನಗೆ ತಿಳಿಯಲೆಂದು ಬಿಡಿಬಿಡಿಯಾಗಿ ಹೇಳಿದಳು:

"ಈಗ ಓಣಿ ನೀರೆಲ್ಲಾ ನಂದಾ ಪಾಳಿ. ಆಕಿಗೆ ಕುಂತು ಉಣ್ಣೂದು ಆತು. ನಿಮಗೂ ಹಂಗಾತಂತಲ್ಲರಿ ಬಾಯಾರ?"

"ಹೌದು" ಎಂದೆ. ಕೊಂಕೇನೂ ಇರಲಿಲ್ಲ ಅವಳ ಮುಖದಲ್ಲಿ. ದಣಿವಿತ್ತು.

ಅವಳು ಹೋದ ಮೇಲೆ ಮಾರೆವ್ವನ ಪಕ್ಕ ಕುಳಿತೆ. ದೂರದೂರಿಗೆ ಹೋಗುತ್ತೇನೆಂದು ಹೇಳಿದೆ. ಅವಳು ತನ್ನ ಕಾಲನ್ನು ತೋರಿಸಿ, ನಾನೆಲ್ಲಿಗೂ ಹೋಗುವುದಿಲ್ಲ, ಬಂದರೆ ಇಲ್ಲೇ ಸಿಗುತ್ತೇನೆ ಎಂದಳು. ಆಮೇಲೆ ಇದ್ದಕ್ಕಿದ್ದಂತೆ ಏನೋ ನೆನಪಾದವಳಂತೆ ನನ್ನ ಮೊಣಕೈ ತಟ್ಟಿದಳು. ಇಷ್ಟು ದಿನ ಕೇಳಬೇಕೆಂದಿದ್ದಳಂತೆ.

ಎಡಗೈಯನ್ನು ಎದೆಗೆ ಆನಿಸಿ ಬಲಗೈಯಿಂದ ಬಾರಿಸಿದಳು. ಹಲಗೆ. ಆ ದಿನ, ಆ ಗಿಡದ ಹತ್ತಿರ, ನೀನು ಅಲ್ಲಿ, ನಾನು ಇಲ್ಲಿ. ಕೊರಳಿಗೆ ಗಂಟು ಹಾಕಿದಳು, ಅಕ್ಕಿ ಎರಚಿದಳು. ನಾನು ಮನೆಗೆ ಹೋಗಿ ತಲೆಗೆ ಎಣ್ಣೆ ಹಚ್ಚಿಕೊಂಡೆ, ಎಂದಳು. ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟೆ. ಕಾಲಿಗೆ ಹೊಸ ಅರಿವೆ ಸುತ್ತಿಕೊಂಡೆ. ಓಣಿಯ ತುದಿಗೆ ಹೋಗಿ ಕುಳಿತೆ. ಅಂಗೈ ನೆಕ್ಕಿ ತೋರಿಸಿದಳು. ಮದುವೆಯೂಟದ ಗೋಧಿ ಹುಗ್ಗಿ. ಕತ್ತಲಾಗುವವರೆಗೆ ಕಾದೆ. ದಿಬ್ಬಣ ಬರಲಿಲ್ಲ, ಯಾರೂ ಕರೆಯಲೂ ಇಲ್ಲ. ಬೆಳಿಗ್ಗೆ ಎದ್ದು ನೀರಿಗೆ ಹೋದೆ.

ಅಲ್ಲಿಗೆ ನಿಲ್ಲಿಸಿದಳು. ಆಮೇಲಿನದು ಅವಳ ಕಾಲಿನಲ್ಲೇ ಇತ್ತು.

ನೀನೂ ನೋಡಿದೆಯಲ್ಲ, ನಕ್ಕೆಯಲ್ಲ ಎಂದಳು. ಹುಬ್ಬು ಏರಿಸಿ ಕಾದಳು. ಯಾರದು ಮದುವೆ?

ಮೂರೂವರೆ ತಿಂಗಳಿನಿಂದ ಕಟ್ಟೆಯ ಮೇಲೂ, ಆಸ್ಪತ್ರೆಯಲ್ಲೂ, ವಿಶ್ವವಿದ್ಯಾಲಯದ ಮೇಜಿನ ಮುಂದೂ ಈ ವಿಷಯ ಆಡಿದ್ದೇವೆ. ಅವಳಿಗೆ ಯಾರೂ ಹೇಳಿಲ್ಲ. ನಾನೂ ಹೇಳಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳ ಕಡೆ ತಿರುಗಿ ಕುಳಿತು, ನನ್ನ ಎಡಗೈಯನ್ನೂ ಎದೆಗೆ ಆನಿಸಿ, ಹಲಗೆಯಿಂದ ಶುರುಮಾಡಿದೆ.